ಲೈನ್ ಕ್ಲಿಯರ್

ಬಯಲು ಕಂಡರೆ ಮೊದಲು ತಂತಿ ಹುಡುಕುವುದು
ಮೂವತ್ತೊಂದು ವರ್ಷದ ಚಾಳಿ.
ಹಸಿರು ಆಮೇಲೆ, ಹಕ್ಕಿ ಆಮೇಲೆ,
ಆಕಾಶ ಎಲ್ಲಕ್ಕಿಂತ ಕೊನೆಗೆ.
ಮದ್ದೂರಿನಿಂದ ಮಳವಳ್ಳಿಯವರೆಗೆ
ಕಂಬ ಹತ್ತಿದವನು ನಾನು. ನೆಲ ಬಿಟ್ಟು ಇಪ್ಪತ್ತನಾಲ್ಕು ಅಡಿ.
ಅದರಾಚೆ ಒಂದಡಿಯೂ ಇಲ್ಲ.

ನಿವೃತ್ತಿಯ ದಿನ ಶಾಲು, ಪೇಟ, ಸೇವಂತಿಗೆಯ ಹಾರ.
ಹಾರ ಹಾಕಿಸಿಕೊಂಡು ಕೂತಲ್ಲೇ ತೀರ್ಮಾನಿಸಿದೆ:
ಇನ್ನು ಹಾರುವುದು.

ಬೆನ್ನಿಗೆ ಮೋಟಾರು, ಮೋಟಾರಿಗೆ ಫ್ಯಾನು,
ತಲೆಯ ಮೇಲೆ ಬಟ್ಟೆಯ ರೆಕ್ಕೆ.
ಪ್ಯಾರಾಮೋಟಾರು ಅಂದರೆ ಇಷ್ಟೇ.
ಕಲಿಸುತ್ತೇವೆನ್ನುವವರು ಬೇಕಾದಷ್ಟು;
ಎಲ್ಲಿ ಕಲಿಯುವುದು?
ಮಗನಿಗೆ ಹೆಣ್ಣು ನೋಡಲು ಹೊರಟವನ ಹಾಗೆ
ಟಿವಿಎಸ್ ಹತ್ತಿದೆ,
ಹಳೇ ಮೀಟರ್ ಪುಸ್ತಕದ ಖಾಲಿ ಹಾಳೆ ಜೇಬಲ್ಲಿ.

ಶ್ರೀರಂಗಪಟ್ಟಣದ ಈಚೆ, ಹೆದ್ದಾರಿ ಪಕ್ಕ,
ಫ್ಲೆಕ್ಸಿನ ಮೋಡದೊಳಗೆ ನಗುವ ಹುಡುಗ.
'ಎರಡೇ ದಿನ ಸಾರ್, ಮೂರನೇ ದಿನ
ನೀವೇ ವಿಡಿಯೊ ಹಾಕ್ತೀರ.'
ಬಯಲಿನ ಪಡುವಣ ಅಂಚಿಗೆ ಹನ್ನೊಂದು ಕೆ.ವಿ.,
ಎರಡು ಕಂಬದ ನಡುವೆ ಜೋತುಬಿದ್ದು.
'ಅದು?' ಅಂದೆ.
'ಅದಕ್ಕೇನು ಸಾರ್, ಮೇಲಿಂದ ಹೋದ್ರಾಯ್ತು.'
ಮೇಲೆ ಹೋದವರನ್ನು ಹಗ್ಗ ಕಟ್ಟಿ ಇಳಿಸಿದ ಕೈ ಇದು.
ಹೇಳಲಿಲ್ಲ. ಗಾಡಿ ತಿರುಗಿಸಿದೆ.

ಪಾಂಡವಪುರದ ಕುಂತಿಬೆಟ್ಟದ ಮಗ್ಗುಲಿಗೆ
ಮನಸ್ಸು ಸೋತದ್ದು ನಿಜ.
ಮಿಂದು ಕೂತ ಎಮ್ಮೆಗಳಂಥ ಬಂಡೆ,
ಕೆಳಗೆ ಕಬ್ಬು, ಕಬ್ಬಿನ ನಡುವೆ ಹೊಳೆಯುವ ನಾಲೆ.
ಬೋರಲಿಂಗ ಅನ್ನುವ ಕುರಿಯವನು
ಬಂಡೆಯ ಹಿಂದೆ ಕೂತು ಬೀಡಿ ಹಚ್ಚಿದ.
ಹೊಗೆ ಮುಂದಕ್ಕೂ ಹೋಗಲಿಲ್ಲ, ಮೇಲಕ್ಕೂ ಹೋಗಲಿಲ್ಲ,
ಗಿರ್ರನೆ ತಿರುಗಿ ಅವನ ಕಣ್ಣಿಗೇ ಬಂತು.
'ಗಾಳಿಗೆ ಇಲ್ಲಿ ತಲೆ ಕೆಟ್ಟದೆ ಕಣಣ್ಣೋ,
ಕುರಿನೇ ನಿಲ್ಲಕ್ಕಿಲ್ಲ.'

ಕನ್ನಂಬಾಡಿಯ ಹಿನ್ನೀರು ಬೇಸಿಗೆಗೆ ಬಿಟ್ಟುಕೊಟ್ಟ
ಹುಲ್ಲುನೆಲ, ಜಮಖಾನದ ಹಾಗೆ.
ಮೋಟಾರು ಇಪ್ಪತ್ತೈದು ಕೆ.ಜಿ., ನಾನು ಎಪ್ಪತ್ತೆರಡು,
ಈಜು ಬಾರದು.
ನೀರಿಗೆ ಲೆಕ್ಕ ಬರುತ್ತದೆ.

ಕೊನೆಗೆ ನಾಗಮಂಗಲದ ಕಡೆ ಒಂದು ಬೋರೆ.
ನೋಡಲು ಏನೂ ಇಲ್ಲ. ಕಲ್ಲು ಆಯ್ದು
ಬದಿಗೆ ಗುಡ್ಡೆ ಹಾಕಿದ ನೆಲ, ದೂರಕ್ಕೊಂದು ಜಾಲಿ,
ಗಳುವಿನ ತುದಿಗೆ ಕಟ್ಟಿದ ಹಳೇ ಸೀರೆಯ ಸೆರಗು,
ಪ್ಲಾಸ್ಟಿಕ್ ಕುರ್ಚಿಯಲ್ಲಿ ದೇಚಮ್ಮ ಮೇಡಂ.
ಸುತ್ತ ತಿರುಗಿ ನೋಡಿದೆ. ಹತ್ತಿರದ ಕಂಬ
ಬೆಂಕಿಕಡ್ಡಿಯಷ್ಟು.
'ಹಾರಬಹುದಾ?'
ಅವರು ನನ್ನನ್ನು ನೋಡಲಿಲ್ಲ, ಸೆರಗು ನೋಡಿದರು.
'ಇವತ್ತು ಬೇಡ.'
ಮರುದಿನವೂ ಬೇಡ.
ಮೂರನೇ ದಿನ, ದುಡ್ಡು ಎಣಿಸಿ ಕೊಟ್ಟ ಮೇಲೂ,
'ಬೇಡ, ಮಾಯಿಗಯ್ಯ.'

ನಮ್ಮ ಕೆಲಸದಲ್ಲಿ ಲೈನ್ ಕ್ಲಿಯರ್ ಅಂತ ಒಂದು ಮಾತು.
ಸ್ಟೇಷನ್ನಿನಿಂದ ಅದು ಬರುವ ತನಕ
ತಂತಿ ಮುಟ್ಟಬಾರದು.
ಊರಿಗೆ ಊರೇ ಕಂಬದ ಬುಡದಲ್ಲಿ
ಬೈಯುತ್ತ, ಬೀಸಣಿಗೆ ಬೀಸುತ್ತ ನಿಂತಿದ್ದರೂ
ಮುಟ್ಟಬಾರದು.
ನನ್ನ ಜೊತೆಗಾರ, ಕೊಪ್ಪದ ಚಿಕ್ಕೀರ,
ಒಮ್ಮೆ ಅದು ಬಂತೆಂದು ಕೇಳಿಸಿಕೊಂಡ.

ಬಂದಿರಲಿಲ್ಲ.

ಮೀಟರ್ ಪುಸ್ತಕ ತೆಗೆದು
ಹಿಂದಿನ ಮೂರು ಹಾಳೆಗೂ ಅಡ್ಡಗೆರೆ ಎಳೆದೆ.
ಮೇಡಂ ಕುರ್ಚಿಯ ಪಕ್ಕ ನೆಲದ ಮೇಲೆ ಕೂತು
ನಾನೂ ಸೆರಗು ನೋಡತೊಡಗಿದೆ.
ಅದು ಒಮ್ಮೆ ಮೇಲುಕೋಟೆಯ ಕಡೆ ತಿರುಗಿ,
ಒಮ್ಮೆ ನನ್ನ ಕಡೆ ತಿರುಗಿ,
ಯಾರ ಮಾತೂ ಕೇಳುತ್ತಿರಲಿಲ್ಲ.

ಸಂಜೆ ಫೋನಿನಲ್ಲಿ ಸಾಕಮ್ಮ:
'ಹಾರಿದ್ರಾ?'
'ಇಲ್ಲ ಕಣೆ. ರೆಕ್ಕೆ ಮಡಚೋದು ಕಲಿತೆ.
ಇಪ್ಪತ್ತಾರು ಚದರ ಮೀಟರು ಬಟ್ಟೆ,
ಒಂದು ಸುಕ್ಕೂ ಬೀಳದ ಹಾಗೆ.'
ಆ ಕಡೆ ತುಸು ಹೊತ್ತು ಸದ್ದಿಲ್ಲ.
ಆಮೇಲೆ,
'ಮೂವತ್ತಾರು ವರ್ಷದ್ದು ಹಗ್ಗದ ಮೇಲೆ ಒಣಗ್ತಾ ಅವೆ.
ಬಂದು ಮಡಚಿ.'